ತುಂಬಿದ ಕೆರೆಗೆ ಕಾವಲು ಬೇಕು: ಕೋಲಾರ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಹಾಗೆಯೇ ಕೆರೆ ಪಕ್ಕದ ಊರುಗಳ ಎಲ್ಲ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನಮಸ್ಕಾರ.

ನಮ್ಮ ಜಿಲ್ಲೆಯ ಕೆರೆಗಳಿಗೆ ನೀರು ಬಂದಿದೆ. ಆ ನೀರಿಗೆ ಬಿದ್ದವರನ್ನು ಎತ್ತುವ ವ್ಯವಸ್ಥೆ ಮಾತ್ರ ಇನ್ನೂ ಬಂದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ. ದೊಡ್ಡ ಕೆರೆಗಳ ಏರಿ ಮೇಲೆ ಒಂದೊಂದು ರಕ್ಷಣಾ ಠಾಣೆ ಬೇಕು ಎಂದು ಕೇಳುತ್ತಿದ್ದೇನೆ. ಅದಕ್ಕೆ ಕೋಟಿಗಟ್ಟಲೆ ಖರ್ಚಿನ ಕಟ್ಟಡ ಬೇಕಿಲ್ಲ. ಒಂದು ತಗಡಿನ ಶೆಡ್ ಸಾಕು. ಒಳಗೆ ಹಗ್ಗ, ಗಾಳಿ ತುಂಬಿಟ್ಟ ಲಾರಿ ಟ್ಯೂಬು, ಲೈಫ್ ಜಾಕೆಟ್, ಒಂದು ದೋಣಿ. ಅದರ ಜೊತೆಗೆ ಅದೇ ಊರಿನ ಎಂಟು ಹತ್ತು ಜನ, ತರಬೇತಿ ಆದವರು, ಕೂಗಿದರೆ ಓಡಿ ಬರುವವರು.

ನಾನು ಕೋಲಾರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಮಕ್ಕಳಿಗೆ ಕಬಡ್ಡಿ, ಖೋಖೋ ಕಲಿಸುತ್ತೇನೆ. ನನ್ನ ಮುಂದೆ ಸಾಲಾಗಿ ನಿಲ್ಲುವ ಮಕ್ಕಳಲ್ಲಿ ಈಜು ಬರುವವರು ಯಾರು ಎಂದು ಕೇಳಿದರೆ ಒಂದೋ ಎರಡೋ ಕೈ ಮೇಲೇಳುತ್ತವೆ. ಅವರ ಅಪ್ಪಂದಿರಿಗೂ ಬರುವುದಿಲ್ಲ. ಅಜ್ಜಂದಿರಿಗೆ ಬರುತ್ತಿತ್ತು.

ಇದಕ್ಕೆ ಕಾರಣ ನಮಗೆಲ್ಲ ಗೊತ್ತಿರುವುದೇ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಹರಿಯಬೇಕಾದರೆ ಜೋರು ಮಳೆ ಬರಬೇಕು. ಹಿಂದೆ ಹೊಲದಲ್ಲೊಂದು ತೆರೆದ ಬಾವಿ ಇರುತ್ತಿತ್ತು. ಬೇಸಿಗೆ ರಜೆ ಬಂದರೆ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಇಳಿಯುತ್ತಿದ್ದರು. ಮೇಲೆ ಮಾವನೋ ಚಿಕ್ಕಪ್ಪನೋ ಹಗ್ಗ ಹಿಡಿದು ನಿಂತಿರುತ್ತಿದ್ದರು. ಬೋರ್‌ವೆಲ್ ಸಾವಿರ ಅಡಿ, ಸಾವಿರದೈನೂರು ಅಡಿಗೆ ಇಳಿದ ಹಾಗೆ ಬಾವಿಗಳು ಬತ್ತಿದವು. ಬಾವಿ ಜೊತೆ ಈಜೂ ಹೋಯಿತು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ಒಂದು ತಲೆಮಾರಿನ ಮಕ್ಕಳು ಕೆರೆಯೊಳಗೆ ಕ್ರಿಕೆಟ್ ಆಡಿಕೊಂಡು ಬೆಳೆದರು.

ಆಮೇಲೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್‌ನಂತೆ ಹರಿಸಿ, 126 ಕೆರೆ ತುಂಬಿಸುವುದು ಯೋಜನೆಯ ಗುರಿ. ಒಂದಾದ ಮೇಲೊಂದು ಕೆರೆ ತುಂಬುತ್ತಾ ಬಂತು. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷಗಳಿಂದ ಕೋಡಿ ಕಾಣದ ಕೆರೆಗಳೂ ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು, ಗಂಗಾಪೂಜೆ ಮಾಡಿದರು, ಕೋಡಿ ನೋಡಲು ಸಂಸಾರ ಸಮೇತ ಹೋದರು. ಆ ಸಂತೋಷ ನನಗೂ ಆಗಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಬೇರೆ ಚರ್ಚೆ ಇದೆ. ಅದನ್ನು ಇಲ್ಲಿ ಎತ್ತುವುದಿಲ್ಲ.

ನಾನು ಹೇಳಬೇಕಾಗಿರುವುದು ನೀರಿನ ಕೆಳಗಿರುವ ನೆಲದ ವಿಷಯ. ಕೆರೆ ಒಣಗಿದ್ದ ಕಾಲದಲ್ಲಿ ಅದರ ಹೊಟ್ಟೆಯಿಂದ ಮಣ್ಣು ತೆಗೆದೆವು. ಇಟ್ಟಿಗೆ ಗೂಡಿಗೆ, ತೋಟಕ್ಕೆ, ರಸ್ತೆಗೆ. ಜೆಸಿಬಿ ಅಗೆದ ಗುಂಡಿಗಳ ಅಂಚು ಗೋಡೆಯ ಹಾಗೆ ನೆಟ್ಟಗೆ ಇರುತ್ತದೆ. ಈಗ ಅದರ ಮೇಲೆ ನೀರು ನಿಂತಿದೆ. ಹುಡುಗ ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುತ್ತಾನೆ. ಇನ್ನೊಂದು ಹೆಜ್ಜೆ ಇಟ್ಟರೆ ಎರಡಾಳು ಆಳ. ಮೇಲಿಂದ ನೋಡಿದರೆ ನೀರು ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಹಳೇ ಕೆರೆಗಳ ಅಂಗಳ ಹೀಗಿರಲಿಲ್ಲ. ದಡದಿಂದ ತೂಬಿನ ಕಡೆಗೆ ನಿಧಾನವಾಗಿ ಇಳಿಜಾರು ಇರುತ್ತಿತ್ತು. ಎಲ್ಲಿ ಎಷ್ಟು ಆಳ ಎಂದು ದನ ತೊಳೆಯುವವರಿಗೂ ಗೊತ್ತಿರುತ್ತಿತ್ತು.

ಇನ್ನು ಕೃಷಿ ಹೊಂಡ. ನಮ್ಮ ರೈತರ ಕೈ ಹಿಡಿದದ್ದು ಅದು, ಅನುಮಾನ ಇಲ್ಲ. ಆದರೆ ಅದರ ಬದಿಯನ್ನು ಒಮ್ಮೆ ಮುಟ್ಟಿ ನೋಡಿ. ಇಳಿಜಾರಿನ ತುಂಬ ಕಪ್ಪು ಪ್ಲಾಸ್ಟಿಕ್ ಶೀಟು, ಅದರ ಮೇಲೆ ತೆಳ್ಳಗೆ ಪಾಚಿ. ಕಾಲು ಜಾರಿದರೆ ಬೆರಳು ಊರಲು ಒಂದು ಕಲ್ಲಿಲ್ಲ, ಬೇರಿಲ್ಲ. ಈಜು ಬರುವ ಗಟ್ಟಿ ಆಳು ಬಿದ್ದರೂ ಮೇಲೆ ಹತ್ತಲಾರ. ಹತ್ತಿದಷ್ಟೂ ಜಾರುತ್ತಾನೆ. ದಡದ ಗೂಟಕ್ಕೆ ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ, ನೀರಿನವರೆಗೆ ಇಳಿಬಿಟ್ಟ ಒಂದು ನೈಲಾನ್ ಹಗ್ಗ ಇದ್ದರೆ ಅವನು ಬದುಕುತ್ತಾನೆ. ಹೊಂಡಕ್ಕೆ ಸಹಾಯಧನ ಕೊಡುವ ಸರ್ಕಾರ ಈ ಹಗ್ಗವನ್ನೂ ತಂತಿ ಬೇಲಿಯನ್ನೂ ಕಡ್ಡಾಯ ಮಾಡಿ, ಸ್ಥಳಕ್ಕೆ ಹೋಗಿ ನೋಡಿದ ಮೇಲೆ ಬಿಲ್ ಪಾಸು ಮಾಡಬೇಕು.

ದೇಶದ ಲೆಕ್ಕ ನೋಡಿದರೆ 2022ರಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಜಾಸ್ತಿ. ಈ ಸಂಖ್ಯೆ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಯಾಕೆಂದರೆ ಇವರೆಲ್ಲ ಒಂದೇ ದಿನ ಒಂದೇ ಕಡೆ ಸಾಯುವುದಿಲ್ಲ. ಒಂದೊಂದು ಊರಲ್ಲಿ ಒಬ್ಬೊಬ್ಬರು, ಇಬ್ಬಿಬ್ಬರು. ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ. ಬಟ್ಟೆ ಒಗೆಯಲು ಹೋದ ತಾಯಿ, ಗಣೇಶನನ್ನು ಬಿಡಲು ಹೋದ ಹುಡುಗರು, ಒಬ್ಬನನ್ನು ಎತ್ತಲು ಹೋಗಿ ಮುಳುಗಿದ ಇನ್ನೊಬ್ಬ.

ಅಂಥ ಒಂದು ದಿನ ಕೆರೆ ಏರಿ ಮೇಲೆ ನಾನೂ ಇದ್ದೆ. ಕೆರೆಯ ಹೆಸರು ಹೇಳುವುದಿಲ್ಲ. ಆ ಮನೆಯವರು ಅದೇ ಊರಲ್ಲಿದ್ದಾರೆ. ಏರಿ ತುಂಬ ಜನ. ಒಬ್ಬರು ಹಸು ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು ಬಂದರು, ಉದ್ದ ಸಾಲಲಿಲ್ಲ. ಪಂಚೆಗೆ ಪಂಚೆ, ಸೀರೆಗೆ ಸೀರೆ ಗಂಟು ಹಾಕಿದರು. ಇನ್ನೊಬ್ಬರು ಟ್ರ್ಯಾಕ್ಟರ್ ಟ್ಯೂಬು ತಂದರು, ಅದರಲ್ಲಿ ಗಾಳಿ ಇರಲಿಲ್ಲ. ಗಾಳಿ ತುಂಬಿಸಲು ಒಬ್ಬ ಹುಡುಗ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಹೆದ್ದಾರಿಯ ಪಂಚರ್ ಅಂಗಡಿಗೆ ಓಡಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅಗ್ನಿಶಾಮಕದವರು ಬಂದರು, ಕತ್ತಲಾಗುವವರೆಗೂ ನೀರಿನಲ್ಲಿ ಹುಡುಕಿದರು. ಅವರ ಮೇಲೆ ನನ್ನ ದೂರು ಇಲ್ಲ. ಉಸಿರು ನಿಂತರೆ ನಾಲ್ಕರಿಂದ ಆರು ನಿಮಿಷಕ್ಕೆ ಮೆದುಳು ಕೆಡಲು ಶುರುವಾಗುತ್ತದೆ. ತಾಲ್ಲೂಕು ಕೇಂದ್ರದಿಂದ ಅಷ್ಟು ಹೊತ್ತಿಗೆ ಯಾವ ವಾಹನವೂ ಹಳ್ಳಿಯ ಕೆರೆಗೆ ಬರಲಾರದು. ಆ ಆರು ನಿಮಿಷ ಏರಿ ಮೇಲೆ ನಿಂತವರ ಕೈಯಲ್ಲೇ ಇರುತ್ತದೆ. ಅಲ್ಲಿದ್ದ ಪ್ರತಿಯೊಬ್ಬರಿಗೂ ಉಳಿಸುವ ಮನಸ್ಸಿತ್ತು. ಕೈಗೆ ಸಿಗುವ ಹಾಗೆ ಏನೂ ಇರಲಿಲ್ಲ, ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ದಿನದಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಬಂದೆ. ಓದುತ್ತಾ ಹೋದ ಹಾಗೆ ಸಮುದ್ರದ ದಡದ ಊರುಗಳ ಲೈಫ್‌ಬೋಟ್ ಠಾಣೆಗಳ ಇತಿಹಾಸಕ್ಕೆ ಬಂದು ಮುಟ್ಟಿದೆ. ಸಮುದ್ರವೇ ಇಲ್ಲದ ಜಿಲ್ಲೆಯವನಿಗೆ ಬಂದರಿನ ಕಥೆ ಯಾಕೆ ಎಂದು ತಾವು ಕೇಳಬಹುದು. ನಾನು ಏರಿ ಮೇಲೆ ಕಂಡದ್ದನ್ನೇ ಅವರೂ ಇನ್ನೂರು ವರ್ಷದ ಹಿಂದೆ ಕಂಡಿದ್ದರು. ಅದಕ್ಕೆ ಪರಿಹಾರವನ್ನೂ ಅವರೇ ಹುಡುಕಿಕೊಂಡರು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1789ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಟೈನ್ ನದಿ ಸಮುದ್ರ ಸೇರುವ ಕಡೆ ಅಡ್ವೆಂಚರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಮರಳಿನಲ್ಲಿ ಹೂತುಕೊಂಡಿತು. ದಡಕ್ಕೆ ಬಹಳ ಹತ್ತಿರದಲ್ಲೇ. ಸೌತ್ ಶೀಲ್ಡ್ಸ್ ಊರಿನ ಜನರೆಲ್ಲ ದಡದಲ್ಲಿ ನಿಂತು ನೋಡುತ್ತಿದ್ದರು. ನಾವಿಕರು ಹಡಗಿನ ಹಗ್ಗಗಳಿಗೆ ಜೋತುಬಿದ್ದು, ಕೈ ಸೋತು ಒಬ್ಬೊಬ್ಬರಾಗಿ ನೀರಿಗೆ ಬಿದ್ದರು. ಆ ಅಲೆಗಳಲ್ಲಿ ಹೋಗಬಲ್ಲ ದೋಣಿ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ನೋಡಿದವರಿಗೆ ಅದನ್ನು ಮರೆಯಲು ಆಗಲಿಲ್ಲ. ಊರಿನವರೇ ಸೇರಿ, ಮುಳುಗದ ದೋಣಿಯ ಮಾದರಿ ಮಾಡಿಕೊಟ್ಟವರಿಗೆ ಎರಡು ಗಿನಿ (ಆಗಿನ ಚಿನ್ನದ ನಾಣ್ಯ) ಬಹುಮಾನ ಎಂದು ಪ್ರಕಟಿಸಿದರು. ವಿಲಿಯಂ ವುಡ್‌ಹೇವ್ ಎಂಬುವರು ಮಗುಚಿದರೂ ತಾನೇ ನೆಟ್ಟಗಾಗುವ ತಗಡಿನ ಮಾದರಿ ತಂದರು. ಕೊನೆಗೆ ಹೆನ್ರಿ ಗ್ರೇಟ್‌ಹೆಡ್ ಎಂಬ ದೋಣಿ ಕಟ್ಟುವವರು 1790ರಲ್ಲಿ ದೋಣಿ ಕಟ್ಟಿದರು. ಅದರ ಮೈಗೆ ಸುಮಾರು 350 ಕೆ.ಜಿ. ಕಾರ್ಕ್ ಬೆಂಡು ಹೊದಿಸಿದ್ದರು. ಹಿಂದೆ ಮುಂದೆ ಎರಡೂ ತುದಿ ಒಂದೇ ಥರ. ಅಲೆಯ ನಡುವೆ ತಿರುಗಿಸುವ ಕಷ್ಟವಿಲ್ಲದೆ ಯಾವ ಕಡೆಗಾದರೂ ಹುಟ್ಟು ಹಾಕಬಹುದಿತ್ತು. ಇಂಥದ್ದೇ ಒಂದು ದೋಣಿ, ಹೆಸರು ಜೆಟ್‌ಲ್ಯಾಂಡ್, 1802ರಲ್ಲಿ ರೆಡ್‌ಕಾರ್ ಎಂಬ ಮೀನುಗಾರರ ಊರಿಗೆ ಬಂತು. ಅದು 500ಕ್ಕೂ ಜಾಸ್ತಿ ಜನರನ್ನು ಉಳಿಸಿತು. ಇವತ್ತಿಗೂ ಅದನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.

ಆದರೆ ಒಳ್ಳೇ ದೋಣಿ ಬಂದ ಮಾತ್ರಕ್ಕೆ ಎಲ್ಲ ಊರುಗಳೂ ಉಳಿಯಲಿಲ್ಲ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಬಂದರಿನ ಕಥೆ ಇದಕ್ಕೆ ಸಾಕ್ಷಿ. ಗ್ರೇಟ್‌ಹೆಡ್ ಕಟ್ಟಿದ ಲೈಫ್‌ಬೋಟ್ ಅಲ್ಲಿಗೂ 1802ರಲ್ಲೇ ಬಂದಿತ್ತು. 1822ರ ಹೊತ್ತಿಗೆ ಅದು ಇರಲಿಲ್ಲ. ಅದರ ಜಾಗದಲ್ಲಿ ಇನ್ನೊಂದು ತರುವವರೂ ಇರಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಬಿರುಗಾಳಿ ಎದ್ದು ನೌಕಾಪಡೆಯ ವಿಜಿಲೆಂಟ್ ಎಂಬ ಹಡಗು ಡಗ್ಲಸ್ ಕೊಲ್ಲಿಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡಿತು. ಊರಿನಲ್ಲಿ ಸರ್ ವಿಲಿಯಂ ಹಿಲರಿ ಎಂಬುವರಿದ್ದರು. ಇಂಗ್ಲೆಂಡಿನಲ್ಲಿ ಸಾಲ ಮಾಡಿಕೊಂಡು ಈ ದ್ವೀಪಕ್ಕೆ ಬಂದು ನೆಲೆಸಿದವರು. ಐವತ್ತು ದಾಟಿತ್ತು. ಈಜು ಬರುತ್ತಿರಲಿಲ್ಲ. ಆದರೂ ಸಾಮಾನ್ಯ ದೋಣಿಗಳಿಗೆ ಜನ ಸೇರಿಸಿಕೊಂಡು ಹೊರಟೇಬಿಟ್ಟರು. ಆ ಹಡಗಿನವರನ್ನು ಉಳಿಸಿದರು. ಡಿಸೆಂಬರ್‌ನಲ್ಲಿ ದ್ವೀಪದ ಇನ್ನೊಂದು ಕಡೆ ರೇಸ್‌ಹಾರ್ಸ್ ಎಂಬ ಹಡಗು ಒಡೆಯಿತು. ಅಲ್ಲಿ ನಾವಿಕರ ಜೊತೆ, ಉಳಿಸಲು ಹೋದ ಕ್ಯಾಸಲ್‌ಟೌನ್ ಊರಿನವರೂ ಸತ್ತರು.

ಹಿಲರಿ ಮುಂದೆ ಏನು ಮಾಡಿದರು ಗೊತ್ತೇ? 1823ರ ಫೆಬ್ರವರಿಯಲ್ಲಿ ಇಡೀ ದೇಶಕ್ಕೆ ಒಂದು ಮನವಿ ಬರೆದು ಅಚ್ಚು ಹಾಕಿಸಿದರು. ದೇಶದ ಎಲ್ಲ ಕರಾವಳಿಗೂ ಸೇರಿದ ಒಂದು ರಕ್ಷಣಾ ಸಂಸ್ಥೆ ಬೇಕು ಎಂದು ಕೇಳಿದರು. ಅಪಾಯದಲ್ಲಿರುವವರು ಯಾವ ದೇಶದವರಾದರೂ ಸರಿ, ಯುದ್ಧದ ಕಾಲವಾದರೂ ಸರಿ, ಉಳಿಸಲೇಬೇಕು ಎಂದರು. ಉಳಿಸಲು ಹೋಗಿ ಸತ್ತವರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಬೇಕು ಎಂದೂ ಬರೆದರು. ಕ್ಯಾಸಲ್‌ಟೌನ್‌ನಲ್ಲಿ ಆದದ್ದು ಅವರ ಮನಸ್ಸಿನಲ್ಲಿತ್ತು. ನೌಕಾಪಡೆಯ ಮೇಲಧಿಕಾರಿಗಳು ಮೊದಲು ಸೊಪ್ಪು ಹಾಕಲಿಲ್ಲ. ಹಿಲರಿ ಬಿಡಲಿಲ್ಲ. ಸಂಸತ್ ಸದಸ್ಯ ಥಾಮಸ್ ವಿಲ್ಸನ್, ವ್ಯಾಪಾರಿ ಜಾರ್ಜ್ ಹಿಬರ್ಟ್ ಅಂಥವರು ಜೊತೆಗೆ ನಿಂತರು. 1824ರ ಮಾರ್ಚ್ 4ರಂದು ಲಂಡನ್ನಿನ ಒಂದು ಸಭೆಯಲ್ಲಿ ಸಂಸ್ಥೆ ಹುಟ್ಟಿತು. ಇವತ್ತಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಅದೇ. ಈವರೆಗೆ ಅದು ಉಳಿಸಿದ ಜೀವಗಳು 1 ಲಕ್ಷದ 44 ಸಾವಿರಕ್ಕೂ ಜಾಸ್ತಿ.

ಹಿಲರಿ ಕಾಗದ ಬರೆದು ಮನೆಯಲ್ಲಿ ಕೂರಲಿಲ್ಲ. 1830ರ ನವೆಂಬರ್‌ನಲ್ಲಿ ಸೇಂಟ್ ಜಾರ್ಜ್ ಎಂಬ ಉಗಿಹಡಗು ಡಗ್ಲಸ್ ಬಂದರಿನ ಬಾಯಲ್ಲೇ ಇರುವ ಕಾನಿಸ್ಟರ್ ಬಂಡೆಗೆ ಬಡಿಯಿತು. ಆಗ ಅವರಿಗೆ ಅರವತ್ತರ ಹತ್ತಿರ. ಊರಿನವರನ್ನು ಸೇರಿಸಿಕೊಂಡು ಲೈಫ್‌ಬೋಟ್ ಹತ್ತಿದರು. ದೋಣಿ ಹಡಗಿಗೂ ಬಂಡೆಗೂ ನಡುವೆ ಸಿಕ್ಕಿಕೊಂಡಿತು. ಹುಟ್ಟುಗಳು ಮುರಿದವು, ಚುಕ್ಕಾಣಿ ಹೋಯಿತು. ಹಿಲರಿಯೂ ಇನ್ನು ಕೆಲವರೂ ಅಲೆಗೆ ಸಿಕ್ಕಿ ನೀರಿಗೆ ಬಿದ್ದರು. ಅವರನ್ನು ಎಳೆದು ಮೇಲೆ ಹಾಕಿಕೊಂಡರು. ಹಿಲರಿಯ ಪಕ್ಕೆಲುಬು ಮುರಿದಿತ್ತು. ಅಡ್ಡ ಬಿದ್ದಿದ್ದ ಹಗ್ಗ, ಕಂಬಗಳನ್ನು ಕಡಿದು ದಾರಿ ಮಾಡಿಕೊಂಡು ಹೊರಗೆ ಬಂದರು. ಹಡಗಿನ 22 ಜನರೂ ಉಳಿದರು. ಉಳಿಸಲು ಹೋದವರಲ್ಲೂ ಒಬ್ಬರೂ ಸಾಯಲಿಲ್ಲ.

ಅದಾದ ಮೇಲೆ ಮಾಡಿದ ಕೆಲಸ ನನಗೆ ಇನ್ನೂ ಇಷ್ಟ. ಹಡಗುಗಳನ್ನು ಒಡೆಯುತ್ತಿದ್ದ ಆ ಬಂಡೆಯ ಮೇಲೇ ಒಂದು ಪುಟ್ಟ ಗೋಪುರ ಕಟ್ಟಿಸಿದರು. 1832ರಲ್ಲಿ ಮುಗಿಯಿತು. ಅದರೊಳಗೆ ಬ್ರೆಡ್ಡು, ಕುಡಿಯುವ ನೀರು ಇಡುತ್ತಿದ್ದರು. ಬಾರಿಸಲು ಒಂದು ಗಂಟೆ. ಹಡಗು ಒಡೆದವರು ಬಂಡೆ ಹತ್ತಿ, ಹೊಟ್ಟೆಗೆ ಹಾಕಿಕೊಂಡು, ಗಂಟೆ ಬಾರಿಸಿ ದೋಣಿ ಬರುವವರೆಗೆ ಕಾಯಬಹುದಿತ್ತು. ಅಪಾಯ ಯಾವ ಜಾಗದಲ್ಲಿದೆಯೋ ಸಹಾಯವೂ ಅದೇ ಜಾಗದಲ್ಲಿರಬೇಕು ಎಂದು ಯೋಚಿಸಿದವರ ಕೆಲಸ ಅದು. ಆ ಗೋಪುರ ಇವತ್ತೂ ಇದೆ.

ಈ ಸಂಸ್ಥೆಯೂ ಒಂದೇ ಸಮನೆ ನಡೆದುಬರಲಿಲ್ಲ. ಮೊದಲ ಉತ್ಸಾಹ ಇಳಿದ ಮೇಲೆ 1840ರ ದಶಕದಲ್ಲಿ ಹಣವಿಲ್ಲದೆ ಸೊರಗಿತು. ಎಷ್ಟೋ ಕಡೆ ದೋಣಿಗಳು ಶೆಡ್ಡಿನಲ್ಲೇ ಕೆಟ್ಟವು. ಆಮೇಲೆ ಮತ್ತೆ ಕಟ್ಟಿದರು. 1854ರಲ್ಲಿ ವಾರ್ಡ್ ಎಂಬ ನೌಕಾಧಿಕಾರಿ ಬಟ್ಟೆಗೆ ಕಾರ್ಕ್ ತುಂಡು ಹೊಲಿದು ಜಾಕೆಟ್ ಮಾಡಿದರು. ನಮ್ಮ ಅಜ್ಜಂದಿರು ಬೆನ್ನಿಗೆ ಕಟ್ಟುತ್ತಿದ್ದ ಬೆಂಡಿನ ಕೆಲಸವೇ ಅದು. 1861ರಲ್ಲಿ ಇಂಗ್ಲೆಂಡಿನ ವಿಟ್‌ಬಿ ಬಂದರಿನ ಲೈಫ್‌ಬೋಟ್ ಒಂದೇ ದಿನ ಮತ್ತೆ ಮತ್ತೆ ಸಮುದ್ರಕ್ಕೆ ಇಳಿದು ಹಲವರನ್ನು ಉಳಿಸಿ, ಕೊನೆಗೆ ಮಗುಚಿತು. ಅದರಲ್ಲಿದ್ದ 13 ಜನರಲ್ಲಿ ಬದುಕಿದವರು ಒಬ್ಬರೇ, ಹೆನ್ರಿ ಫ್ರೀಮನ್. ಹೊಸ ಕಾರ್ಕ್ ಜಾಕೆಟ್ ಹಾಕಿದ್ದವರೂ ಅವರೊಬ್ಬರೇ.

ತಂಡಕ್ಕೆ ದೋಣಿ ಕೊಟ್ಟು ಜಾಕೆಟ್ ಕೊಡದಿರುವುದು, ಜಾಕೆಟ್ ಕೊಟ್ಟು ಅಭ್ಯಾಸ ಮಾಡಿಸದಿರುವುದು ಎಂಥ ತಪ್ಪು ಎಂದು ತಿಳಿಯಲು ಇನ್ನೇನು ಬೇಕು? ದಯವಿಟ್ಟು ನಮ್ಮಲ್ಲಿ ಅದನ್ನು ಜೀವ ಕೊಟ್ಟು ಕಲಿಯುವುದು ಬೇಡ.

ಸಮುದ್ರ ಇಲ್ಲದ ಊರಿನ ಮಾತಿಗೆ ಬರುತ್ತೇನೆ. 1886ರ ಡಿಸೆಂಬರ್‌ನಲ್ಲಿ ಮೆಕ್ಸಿಕೊ ಎಂಬ ಹಡಗಿನವರನ್ನು ಉಳಿಸಲು ಹೋದ 27 ಲೈಫ್‌ಬೋಟ್ ಆಳುಗಳು ಒಂದೇ ರಾತ್ರಿ ಸತ್ತರು. ಅವರ ಸಂಸಾರಗಳ ಕಷ್ಟ ನೋಡಿದ ಮೇಲೆ 1891ರಲ್ಲಿ ಬೀದಿಗಿಳಿದು ಚಂದಾ ಎತ್ತಿದ್ದು ಯಾವ ಊರು ಗೊತ್ತೇ? ಮ್ಯಾಂಚೆಸ್ಟರ್. ಸಮುದ್ರದ ದಡದಲ್ಲಿಲ್ಲದ, ಬಟ್ಟೆ ಗಿರಣಿಗಳ ಊರು. ಈ ಕಾಲಕ್ಕೆ ಬಂದರೆ, ಅದೇ ಸಂಸ್ಥೆ 2001ರಲ್ಲಿ ಉತ್ತರ ಐರ್ಲೆಂಡಿನ ಎನಿಸ್‌ಕಿಲನ್‌ನಲ್ಲಿ ಒಂದು ಠಾಣೆ ತೆರೆಯಿತು. ಅದು ಸಮುದ್ರದಲ್ಲಿಲ್ಲ, ಒಳನಾಡಿನ ಸರೋವರದ ಮೇಲಿದೆ. 2008ರಲ್ಲಿ ಸ್ಕಾಟ್‌ಲ್ಯಾಂಡಿನ ಲಾಖ್ ನೆಸ್ ಸರೋವರಕ್ಕೂ ಒಂದು ಬಂತು. ನೀರು ಉಪ್ಪೋ ಸಿಹಿಯೋ, ಮುಳುಗುವವನಿಗೆ ಎರಡೂ ಒಂದೇ ಅಲ್ವಾ?

ಅಷ್ಟು ದೂರ ಯಾಕೆ? 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಪ್ರವಾಹ ಬಂದಾಗ ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿನ ಊರುಗಳಿಗೆ ಬಂದರು. ಸಾವಿರಾರು ಜನರನ್ನು ಮನೆ ಮಹಡಿಗಳಿಂದ ಇಳಿಸಿಕೊಂಡರು. ನೀರನ್ನು ಬಲ್ಲವರು, ಕೈಗೆಟುಕುವ ದೋಣಿ, ಕರೆದ ಕೂಡಲೇ ಹೊರಡುವ ಮನಸ್ಸು, ಇಷ್ಟೂ ಅವರಲ್ಲಿ ಮೊದಲೇ ಇದ್ದವು.

ನಮ್ಮ ಜಿಲ್ಲೆಗೂ ಇದು ಹೊಸದಲ್ಲ. ಕೆ.ಜಿ.ಎಫ್. ಗಣಿಗಳು 2001ರಲ್ಲಿ ಮುಚ್ಚುವವರೆಗೆ ನಮ್ಮ ಜನ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳದಲ್ಲಿ ಕೆಲಸ ಮಾಡಿದವರು. ಗಣಿ ಇರುವ ಕಡೆ ತರಬೇತಿ ಆದ ರಕ್ಷಣಾ ತಂಡ ಇರಲೇಬೇಕು ಎಂದು ಕಾನೂನೇ ಇದೆ. ಗಣಿಗೆ ಇರುವ ಆ ನಿಯಮ ಕೆರೆಗೆ ಯಾಕೆ ಬೇಡ?

ಇನ್ನೂ ಹಿಂದೆ ಹೋದರೆ, ಈ ನಾಡಿನಲ್ಲಿ ಕೆರೆ ಕಟ್ಟಿದವರಿಗೆ, ಕೆರೆ ದುರಸ್ತಿ ಮಾಡಿದವರಿಗೆ ಕಟ್ಟುಗೊಡಗೆ ಎಂದು ಜಮೀನು ಬಿಟ್ಟುಕೊಡುತ್ತಿದ್ದರು. ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ, ಎಲ್ಲ ಅವನಿಗೆ ಗೊತ್ತು. ಸುಗ್ಗಿಯಲ್ಲಿ ಊರಿನವರು ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಆ ಕೆಲಸವೇ ಇಲ್ಲವಾಯಿತು. ಈಗ ಕೆರೆ ತುಂಬಿದೆ, ಕೆರೆಯನ್ನು ದಿನಾ ನೋಡುವ ಕಣ್ಣು ಇಲ್ಲ. ನೀರುಗಂಟಿ ಮನೆತನದ ಹುಡುಗರು, ಮೀನು ಹಿಡಿಯುವವರು, ಕುರಿ ಕಾಯುವವರು, ಇವರೇ ನಮ್ಮ ಮೊದಲ ರಕ್ಷಣಾ ತಂಡ ಆಗಬೇಕು. ಗೌರವಧನ ಕೊಡಿ, ಕೈಗೆ ಸರ್ಕಾರಿ ಗುರುತಿನ ಚೀಟಿ ಕೊಡಿ. ವಿಮೆ ಮಾಡಿಸಿ. ಅದನ್ನಂತೂ ಮರೆಯಬೇಡಿ. ಬೇರೆಯವರ ಮಗುವಿಗಾಗಿ ನೀರಿಗೆ ಇಳಿಯುವವನ ಮನೆಯಲ್ಲೂ ಮಕ್ಕಳಿರುತ್ತವೆ. ಹಿಲರಿ ತಮ್ಮ ಮನವಿಯಲ್ಲಿ ಇದನ್ನು ಬರೆದು ಇನ್ನೂರು ವರ್ಷ ದಾಟಿತು.

ತಂಡ ಕಟ್ಟುವಾಗ ಎಲ್ಲ ಕೇರಿಯವರೂ ಇರಲಿ ಎಂದು ಬೇರೆ ಹೇಳಬೇಕಾಗಿದೆ. ಕೆರೆಯ ವಿಷಯದಲ್ಲಿ ನಮ್ಮ ಊರುಗಳ ಹಳೇ ನಡವಳಿಕೆ ಚೆನ್ನಾಗಿರಲಿಲ್ಲ. ಒಂದೇ ದೋಣಿಯಲ್ಲಿ ಎಲ್ಲರೂ ಕೂರಲಿ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳಾದ ತಾವೇ. ಆಪದ ಮಿತ್ರ ಯೋಜನೆಯಲ್ಲಿ ದೇಶದ 350 ಜಿಲ್ಲೆಗಳ 1 ಲಕ್ಷ ಸ್ವಯಂಸೇವಕರಿಗೆ ತರಬೇತಿ ಕೊಡುವ ಗುರಿ ಇಟ್ಟಿದ್ದರು. ಅಂದರೆ ಪಾಠದ ಪಟ್ಟಿ ಸಿದ್ಧವಿದೆ, ಕಲಿಸುವವರಿದ್ದಾರೆ. ಮೀನು ಗುತ್ತಿಗೆ ಹರಾಜು ಹಾಕುವಾಗ ಒಂದು ಷರತ್ತು ಸೇರಿಸಬಹುದು: ಗುತ್ತಿಗೆದಾರರ ತೆಪ್ಪ ಅಥವಾ ದೋಣಿ ಏರಿ ಮೇಲೆ ಸದಾ ಸಿಗುವ ಹಾಗಿರಬೇಕು, ಜೊತೆಗೆ ನಾಲ್ಕು ಲೈಫ್ ಜಾಕೆಟ್ ಇರಬೇಕು. ಹೂಳೆತ್ತುವ ಟೆಂಡರಿನಲ್ಲಿ ಇನ್ನೊಂದು: ಗುಂಡಿಯ ಅಂಚನ್ನು ನೆಟ್ಟಗೆ ಬಿಡಬಾರದು, ಇಳಿಜಾರು ಮಾಡಿಯೇ ಬಿಲ್ ಕೇಳಬೇಕು. ಈಗಾಗಲೇ ನೀರಿನಡಿ ಇರುವ ಗುಂಡಿಗಳನ್ನು ಬೇಸಿಗೆಯಲ್ಲಿ ನೀರು ಇಳಿದಾಗ ಗುರುತಿಸಿ ಸುತ್ತ ಕೆಂಪು ಬಾವುಟ ನೆಡಬಹುದು. ಯಾವ ಜಾಗ ಎಂದು ಊರಿನ ಹಿರಿಯರು ಕೈ ತೋರಿಸುತ್ತಾರೆ.

ತರಬೇತಿಯಲ್ಲಿ ಮೊದಲು ಹೇಳಿಕೊಡಬೇಕಾದದ್ದು ನೀರಿಗೆ ಹಾರಬಾರದು ಎನ್ನುವುದನ್ನು. ಕೈಗೆ ಸಿಕ್ಕ ಬಿದಿರು ಗಳ ಚಾಚಬೇಕು. ಗಳ ಮುಟ್ಟದಿದ್ದರೆ ಹಗ್ಗ ಕಟ್ಟಿದ ಟ್ಯೂಬು ಎಸೆಯಬೇಕು. ಅದೂ ಆಗದಿದ್ದರೆ ದೋಣಿ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗಾಡುವುದು ಕಡಿಮೆ. ಉಸಿರಿಗೇ ಪರದಾಡುವವರಿಗೆ ಕೂಗಲು ಎಲ್ಲಿ ಆಗುತ್ತದೆ? ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತಾರೆ. ಸಿಕ್ಕವರು ಬಂದು ಕತ್ತು ತಬ್ಬಿಕೊಂಡರೆ ಇಬ್ಬರೂ ಹೋಗುತ್ತಾರೆ.

ಮೇಲೆ ತಂದ ಮೇಲೆ ನಮ್ಮ ಕಡೆ ಏನು ಮಾಡುತ್ತಾರೆ? ತಲೆ ಮೇಲೆ ಹೊತ್ತು ಗಿರಗಿರನೆ ತಿರುಗಿಸುತ್ತಾರೆ, ಹೊಟ್ಟೆ ಒತ್ತಿ ನೀರು ಕಕ್ಕಿಸಲು ನೋಡುತ್ತಾರೆ. ರಾಜ್ಯದ ಬೇರೆ ಕಡೆ, ವಾಟ್ಸಾಪ್ ಮಾತು ನಂಬಿ ಮಕ್ಕಳ ಹೆಣವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಮಗುವನ್ನು ಕಳೆದುಕೊಂಡ ತಾಯಿಗೆ ಬುದ್ಧಿ ಹೇಳುವ ಮನಸ್ಸು ನನಗಿಲ್ಲ. ಆದರೆ ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಬಲ್ಲವರು ಊರಿಗೆ ನಾಲ್ಕು ಜನ ಇರಲೇಬೇಕು. ನೆಟ್ಟಗೆ ಮಲಗಿಸಬೇಕು. ಉಸಿರಾಡುತ್ತಿಲ್ಲ ಅಂದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಸಲ ಉಸಿರು. 112ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸದೆ ಮಾಡುತ್ತಿರಬೇಕು. ಇದನ್ನು ಎಂಟನೇ ಕ್ಲಾಸಿನ ಮಕ್ಕಳಿಗೂ ಕಲಿಸಬಹುದು. ನಮ್ಮ ಗಡಿ ಊರುಗಳಲ್ಲಿ ಎಷ್ಟೋ ಮನೆಯ ಮಾತು ತೆಲುಗು. ಬೋರ್ಡು ಕನ್ನಡದಲ್ಲಿರಲಿ, ಕಲಿಸುವಾಗ ಎರಡೂ ಮಾತು ಬಳಸಿದರೆ ಅಜ್ಜಿಯರಿಗೂ ತಿಳಿಯುತ್ತದೆ.

ಎಲ್ಲ ಕೆರೆಗೂ ಒಟ್ಟಿಗೆ ಆಗುವುದಿಲ್ಲ, ಗೊತ್ತು. ಕೋಲಾರಮ್ಮನ ಕೆರೆ, ಬೇತಮಂಗಲ, ಲಕ್ಷ್ಮೀಸಾಗರ, ನರಸಾಪುರ. ಈ ನಾಲ್ಕರಿಂದ ಶುರು ಮಾಡಿ. ಠಾಣೆಯಲ್ಲಿ ಒಂದು ಪುಸ್ತಕ ಇಡಿ. ಯಾವಾಗ ಅಭ್ಯಾಸ ಮಾಡಿದರು, ಟ್ಯೂಬಿಗೆ ಯಾವತ್ತು ಗಾಳಿ ನೋಡಿದರು, ಯಾರು ಬಂದಿದ್ದರು ಎಂದು ಪ್ರತಿ ವಾರ ಬರೆಯಲಿ. ತಹಸೀಲ್ದಾರರು ತಿಂಗಳಿಗೊಮ್ಮೆ ಸಹಿ ಹಾಕಲಿ. ಉದ್ಘಾಟನೆ ದಿನ ಬಂದ ದೋಣಿ ಮರುವರ್ಷಕ್ಕೆ ಬಿರುಕು ಬಿಟ್ಟು ಬಿದ್ದಿರುವುದನ್ನು ನೋಡುವ ಶಕ್ತಿ ನಮಗಿಲ್ಲ. ಮೊದಲ ದೋಣಿ ಹೋದ ನಷ್ಟ ಡಗ್ಲಸ್‌ನವರಿಗೂ ತಟ್ಟಿದ್ದು ಇನ್ನೊಂದು ದೋಣಿ ಬೇಕಾದ ದಿನವೇ.

ಜುಲೈ 25 ವಿಶ್ವಸಂಸ್ಥೆ ಗುರುತಿಸಿದ ಮುಳುಗಡೆ ಸಾವು ತಡೆ ದಿನ. ಆ ದಿನ ಕೋಲಾರಮ್ಮನ ಕೆರೆ ಏರಿ ಮೇಲೆ ಮೊದಲ ತರಬೇತಿ ಇಟ್ಟುಕೊಳ್ಳೋಣ. ಅಗ್ನಿಶಾಮಕ ಇಲಾಖೆಯವರು ಕಲಿಸಲಿ, ಜಿಲ್ಲಾಸ್ಪತ್ರೆಯಿಂದ ಒಬ್ಬರು ಬರಲಿ. ನಮ್ಮ ಹೋಬಳಿಯಿಂದ ಮೀನುಗಾರರನ್ನೂ, ನನ್ನ ಹಳೇ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಗಾಳಿ ತುಂಬಿದ ಟ್ಯೂಬುಗಳನ್ನೂ ನಾವೇ ತರುತ್ತೇವೆ. ಅದಕ್ಕೆ ಮುಂಚೆ ಒಂದು ಸಭೆ ಕರೆಯಿರಿ. ದಿನ, ಹೊತ್ತು ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ತಾಲ್ಲೂಕಿನ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ